ಸ್ಲೀವ್ ಶಸ್ತ್ರಚಿಕಿತ್ಸೆಯ ನಂತರ ಮುದ್ದೆಯ ಮನೆಯಲ್ಲಿ ಊಟ: ಒಂದು ಪ್ರಕರಣ ಅಧ್ಯಯನ

ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ತಂಡವೊಂದರಲ್ಲಿ ಆಹಾರ ತಜ್ಞೆಯಾಗಿ ನಾನು ಹತ್ತಿರದಿಂದ ನೋಡಿದ ಒಂದು ಪ್ರಕರಣವನ್ನು ಇಲ್ಲಿ ದಾಖಲಿಸಿದ್ದೇನೆ. ಗುರುತು ಹತ್ತದಂತೆ ಊರು, ವಯಸ್ಸು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಲಾಗಿದೆ. ಊಟ, ನೀರು ಮತ್ತು ಚಿಕಿತ್ಸೆಗೆ ಸಂಬಂಧಿಸಿದ ತೀರ್ಮಾನಗಳು ನಡೆದ ಕ್ರಮದಲ್ಲಿಯೇ ಇವೆ. ರೋಗಿಯನ್ನು ಮುಂದೆ ‘ಟೀಚರ್’ ಎಂದೇ ಕರೆಯುತ್ತೇನೆ. ನಮ್ಮ ಹೊರರೋಗಿ ವಿಭಾಗದಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಹಾಗೆಯೇ.

ಹಿನ್ನೆಲೆ

ಟೀಚರ್ ಹಳೆ ಮೈಸೂರು ಸೀಮೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವವರು, ವಯಸ್ಸು ನಲವತ್ತರ ಆಸುಪಾಸು. ಎತ್ತರ 158 ಸೆಂ.ಮೀ., ನಮ್ಮಲ್ಲಿಗೆ ಬಂದಾಗ ತೂಕ 112 ಕೆ.ಜಿ., ಅಂದರೆ ದೇಹದ್ರವ್ಯ ಸೂಚಿ (ಬಿಎಂಐ) 45ರ ಹತ್ತಿರ. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಎರಡೂ ಮಂಡಿಗಳಲ್ಲಿ ನೋವು ಇದ್ದವು. ಮನೆಯಲ್ಲಿ ಗಂಡ, ಹೈಸ್ಕೂಲು ಓದುವ ಮಗ ಮತ್ತು ಅತ್ತೆ; ಅಡುಗೆಮನೆ ಪೂರ್ತಿ ಅತ್ತೆಯದು. 2022ರಲ್ಲಿ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಬೇರಿಯಾಟ್ರಿಕ್ (ತೂಕ ಇಳಿಸುವ) ಶಸ್ತ್ರವೈದ್ಯರ ಸಂಘಗಳು ಜೊತೆಯಾಗಿ ಹೊರಡಿಸಿದ ಮಾರ್ಗಸೂಚಿ, ಏಷ್ಯಾ ಮೂಲದವರಿಗೆ ಬಿಎಂಐ 27.5 ದಾಟಿದಲ್ಲಿಯೇ ಈ ಚಿಕಿತ್ಸೆಯನ್ನು ಸೂಚಿಸಬಹುದು ಎನ್ನುತ್ತದೆ. ಟೀಚರ್ ಆ ಗೆರೆಯನ್ನು ಎಂದೋ ದಾಟಿದ್ದರಿಂದ ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂಬ ಚರ್ಚೆ ಹೆಚ್ಚು ಬೆಳೆಯಲಿಲ್ಲ.

ಅವರಿಗೆ ಮಾಡಿದ್ದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಇದರಲ್ಲಿ ಜಠರದ ಹೊರಬಾಗಿನ ಕಡೆಯ ಮುಕ್ಕಾಲು ಪಾಲನ್ನು, ಕೆಲವೊಮ್ಮೆ ಅದಕ್ಕಿಂತ ಸ್ವಲ್ಪ ಹೆಚ್ಚನ್ನು ತೆಗೆದು, ಉಳಿದದ್ದನ್ನು ಉದ್ದನೆಯ ಕೊಳವೆಯಂತೆ ಸ್ಟೇಪಲ್ ಮಾಡುತ್ತಾರೆ. ಮೊದಲು ಒಂದು ಲೀಟರಿನಷ್ಟನ್ನು ಸಲೀಸಾಗಿ ಹಿಡಿಯುತ್ತಿದ್ದ ಜಾಗದಲ್ಲಿ ಈಗ 100ರಿಂದ 150 ಮಿ.ಲೀ. ಹಿಡಿಯುತ್ತದೆ. ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ತೆಗೆದುಹಾಕಿದ ಭಾಗದಲ್ಲಿಯೇ ಆದ್ದರಿಂದ ಮೊದಲ ತಿಂಗಳುಗಳಲ್ಲಿ ಹಸಿವೂ ಕಡಿಮೆ. ತೂಕ ಇಳಿಸುವ ಇನ್ನೊಂದು ಶಸ್ತ್ರಚಿಕಿತ್ಸೆಯಾದ ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಆಗುವಂತೆ ಕರುಳಿನ ದಾರಿ ಇಲ್ಲಿ ಬದಲಾಗುವುದಿಲ್ಲ.

ಬೇಸಿಗೆ ರಜೆ ಇರುವಾಗಲೇ ಮುಗಿಯಲಿ ಎಂದು ಅವರು ಯುಗಾದಿ ಕಳೆದ ಮೇಲೆ, ಏಪ್ರಿಲ್ ನಡುವಿನಲ್ಲಿ ದಿನ ಗೊತ್ತುಮಾಡಿಕೊಂಡರು. ಬಿಡುಗಡೆಯ ದಿನ ಕೊಟ್ಟ ಆಹಾರ ಪಟ್ಟಿ ಎಲ್ಲೆಡೆ ಕೊಡುವಂಥದ್ದೇ. ಮೊದಲೆರಡು ದಿನ ತಿಳಿ ದ್ರವ, ಎರಡನೆಯ ವಾರದ ಕೊನೆಯವರೆಗೆ ಹಾಲು, ಮಜ್ಜಿಗೆ, ಬೇಳೆಕಟ್ಟಿನಂಥ ಗಟ್ಟಿ ದ್ರವ, ಆಮೇಲೆ ಎರಡು ವಾರ ನುಣ್ಣಗೆ ರುಬ್ಬಿದ್ದು, ನಂತರ ಮೆತ್ತನೆಯದು, ಎಂಟನೆಯ ವಾರದ ಹೊತ್ತಿಗೆ ಮನೆಯವರೆಲ್ಲ ತಿನ್ನುವುದನ್ನೇ ಕಡಿಮೆ ಪ್ರಮಾಣದಲ್ಲಿ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್, ಒಂದೂವರೆ ಲೀಟರ್ ದ್ರವ. ಊಟದ ಜೊತೆ ನೀರು ಕುಡಿಯಬಾರದು, ಊಟಕ್ಕೂ ನೀರಿಗೂ ಅರ್ಧ ಗಂಟೆ ಅಂತರ ಇರಬೇಕು. ಪ್ರತಿ ತುತ್ತನ್ನೂ ಪಾಯಸದಂತಾಗುವವರೆಗೆ ಅಗಿಯಬೇಕು. ಪಟ್ಟಿ ಕನ್ನಡದಲ್ಲಿಯೇ ಇತ್ತು. ಆದರೆ ಅದರೊಳಗಿನ ಸೂಪು, ಓಟ್ಸ್, ಬ್ರೊಕೊಲಿ, ಟೋಫುಗಳನ್ನು ನೋಡಿದರೆ ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನ ಫ್ರಿಜ್ ತೆರೆದಂತೆ ಇತ್ತು.

ತೊಂದರೆ ಶುರುವಾದದ್ದು

ದ್ರವ ಮತ್ತು ರುಬ್ಬಿದ ಆಹಾರದ ವಾರಗಳು ತಕರಾರಿಲ್ಲದೆ ಕಳೆದವು. ಸಕ್ಕರೆ ಹತೋಟಿಗೆ ಬರುತ್ತಿದ್ದಂತೆ ಮಾತ್ರೆಗಳು ಕಡಿಮೆಯಾದವು. ಶಾಲೆ ಪ್ರಾರಂಭವಾದ ವಾರ, ಅಂದರೆ ಶಸ್ತ್ರಚಿಕಿತ್ಸೆಯ ಏಳನೆಯ ವಾರದಲ್ಲಿ, ವಾಂತಿ ಹತ್ತಿಕೊಂಡಿತು. ಮೊದಲು ರಾತ್ರಿಯ ಊಟದ ಮೇಲೆ, ಆಮೇಲೆ ಮಧ್ಯಾಹ್ನವೂ. ಎದೆಯ ನಡುವೆ ಏನೋ ಸಿಕ್ಕಿಕೊಂಡ ಹಾಗೆ ಬಿಗಿತ, ಬಾಯಿತುಂಬ ಜೊಲ್ಲು, ಕೊನೆಗೆ ನೊರೆ ನೊರೆಯಾದ ಲೋಳೆಯ ಜೊತೆ ತಿಂದದ್ದು ಹೊರಗೆ. ತರಗತಿಯಲ್ಲಿ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು. ಒಂದು ವಾರ ಹೀಗೆಯೇ ಕಳೆದ ಮೇಲೆ ಗಂಡ ಅವರನ್ನು ತಾಲ್ಲೂಕಿನ ನರ್ಸಿಂಗ್ ಹೋಮಿಗೆ ಕರೆದೊಯ್ದು, ಅಲ್ಲಿಂದಲೇ ನಮ್ಮ ತಂಡಕ್ಕೆ ಫೋನ್ ಮಾಡಿದರು. ರಕ್ತದೊತ್ತಡ ಇಳಿದಿತ್ತು, ಮೂತ್ರ ಕಡು ಹಳದಿಯಾಗಿತ್ತು. ಅಲ್ಲಿನ ವೈದ್ಯರು ಸುಸ್ತಾದವರಿಗೆ ವಾಡಿಕೆಯಂತೆ ಹಾಕುವ ಗ್ಲೂಕೋಸ್ ಬಾಟಲಿಯನ್ನು ಸಿದ್ಧಪಡಿಸುತ್ತಿದ್ದರು.

ಈ ಪ್ರಕರಣದಲ್ಲಿ ಜೀವಕ್ಕೆ ಸಂಬಂಧಿಸಿದ ತೀರ್ಮಾನ ಯಾವುದಾದರೂ ಇದ್ದರೆ ಅದು ಆ ಫೋನ್ ಕರೆಯಲ್ಲಿ ಆದದ್ದು. ಥಯಾಮಿನ್, ಅಂದರೆ ಬಿ1 ಜೀವಸತ್ವ, ದೇಹದಲ್ಲಿ ಉಳಿಯುವುದು ಎರಡು ಮೂರು ವಾರಗಳಿಗೆ ಸಾಲುವಷ್ಟು ಮಾತ್ರ. ಕಡಿಮೆ ತಿನ್ನುತ್ತಿರುವವರು ದಿನವೂ ವಾಂತಿ ಮಾಡಿಕೊಂಡರೆ ಆ ದಾಸ್ತಾನು ಬೇಗ ಬರಿದಾಗುತ್ತದೆ. ಆ ಸ್ಥಿತಿಯಲ್ಲಿ ಮೊದಲು ಗ್ಲೂಕೋಸ್ ಏರಿಸಿದರೆ, ಅದನ್ನು ಉರಿಸುವ ಕೆಲಸಕ್ಕೆ ಉಳಿದ ಥಯಾಮಿನ್ ಕೂಡ ಖರ್ಚಾಗಿ, ಕಣ್ಣಾಲಿಗಳ ಚಲನೆ, ನಡಿಗೆ ಮತ್ತು ಜ್ಞಾಪಕಶಕ್ತಿಗೆ ಪೆಟ್ಟು ಬೀಳುವ ವರ್ನಿಕೆ ಎಂಬ ಮಿದುಳಿನ ತೊಂದರೆ ಕಾಣಿಸಿಕೊಳ್ಳಬಹುದು. ನಮ್ಮ ಶಸ್ತ್ರವೈದ್ಯರು ಥಯಾಮಿನ್ ಚುಚ್ಚುಮದ್ದನ್ನು ಮೊದಲು ರಕ್ತನಾಳಕ್ಕೆ ಕೊಟ್ಟು, ಸದ್ಯಕ್ಕೆ ಗ್ಲೂಕೋಸ್ ಇಲ್ಲದ ಸಲೈನ್ (ಉಪ್ಪುನೀರು) ಮಾತ್ರ ಹಾಕುವಂತೆ ಕೇಳಿಕೊಂಡರು. ಅಲ್ಲಿನ ವೈದ್ಯರು ಬಾಟಲಿ ಬದಲಿಸಿದರು. ಇಡೀ ಮಾತುಕತೆ ಐದು ನಿಮಿಷವೂ ಹಿಡಿಯಲಿಲ್ಲ. ಬೇರಿಯಾಟ್ರಿಕ್ ಚಿಕಿತ್ಸೆ ಆದವರು ದೊಡ್ಡ ಆಸ್ಪತ್ರೆಯಿಂದ ದೂರದ ಊರುಗಳಲ್ಲಿ ಇರುವುದೇ ಹೆಚ್ಚಾದ್ದರಿಂದ, ‘ಗ್ಲೂಕೋಸಿಗೆ ಮೊದಲು ಥಯಾಮಿನ್’ ಎಂಬ ಒಂದು ಸಾಲನ್ನು ಅವರ ಬಿಡುಗಡೆ ಪತ್ರದ ಮೊದಲ ಪುಟದಲ್ಲಿಯೇ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮರುದಿನ ಅವರು ಬೆಂಗಳೂರಿಗೆ ಬಂದರು. ತೂಕ 97 ಕೆ.ಜಿ. ಇತ್ತು. ಸ್ಲೀವ್ ಆದ ಹೊಸತರಲ್ಲಿ ನಿಲ್ಲದ ವಾಂತಿ ಇದ್ದರೆ ಕೊಳವೆ ಎಲ್ಲಿಯಾದರೂ ಕಿರಿದಾಗಿದೆಯೇ, ತಿರುಚಿಕೊಂಡಿದೆಯೇ ಎಂದು ನೋಡಲೇಬೇಕು. ಎಂಡೋಸ್ಕೋಪಿಯಲ್ಲಿ ದಾರಿ ಸರಾಗವಾಗಿತ್ತು. ಬೇಗ ತೂಕ ಇಳಿಯುವವರಲ್ಲಿ ಪಿತ್ತಕೋಶದ ಕಲ್ಲು ಸಾಮಾನ್ಯವಾದ್ದರಿಂದ ಸ್ಕ್ಯಾನಿಂಗ್ ಆಯಿತು, ಕಲ್ಲೂ ಇರಲಿಲ್ಲ. ಪರೀಕ್ಷೆಗಳೆಲ್ಲ ಸರಿಯಿದ್ದಾಗ ರೋಗಿ ಮಿತಿ ಮೀರಿ ತಿನ್ನುತ್ತಿದ್ದಾರೆ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಆದರೆ ಟೀಚರ್ ಬರೆದಿಟ್ಟ ದಿನಚರಿಯ ಪ್ರಕಾರ ಅವರು ತಿನ್ನುತ್ತಿದ್ದುದು ನಾವು ಹೇಳಿದ್ದಕ್ಕಿಂತಲೂ ಕಡಿಮೆ: ರಾತ್ರಿ ‘ಕಾಲು ಮುದ್ದೆ, ಸೊಪ್ಪಿನ ಸಾರು’, ಮಧ್ಯಾಹ್ನ ‘ಎರಡು ಹಿಡಿ ಅನ್ನ, ಸಾರು’. ಶಿಕ್ಷಕಿಯ ಅಚ್ಚುಕಟ್ಟಾದ ಕೈಬರಹದ ಆ ದಿನಚರಿಯನ್ನು ಅನುಮಾನಿಸಲು ಕಾರಣವಿರಲಿಲ್ಲ. ಏನು, ಎಷ್ಟು ಎಂಬುದು ಅದರಲ್ಲಿ ಇತ್ತು. ಹೇಗೆ ಎಂಬುದು ಇರಲಿಲ್ಲ.

ಊಟವನ್ನು ಕಣ್ಣಾರೆ ನೋಡಿದ್ದು

ಹಾಗಾಗಿ ಮುಂದಿನ ಭೇಟಿಗೆ ಮನೆಯ ಊಟವನ್ನೇ ಡಬ್ಬಿಯಲ್ಲಿ ತರಬೇಕೆಂದೂ, ಅಡುಗೆ ಮಾಡುವವರೂ ಜೊತೆಗೆ ಬರಬೇಕೆಂದೂ ಕೇಳಿದೆವು. ಅತ್ತೆ ಬಂದರು. ಮಧ್ಯಾಹ್ನ ಒಂದೂವರೆಗೆ ನಮ್ಮ ಸಮಾಲೋಚನೆಯ ಕೋಣೆಯಲ್ಲಿ ಸ್ಟೀಲ್ ತಟ್ಟೆ ಹಾಕಿ, ಮನೆಯಲ್ಲಿ ಉಣ್ಣುವ ಹಾಗೆಯೇ ಉಣ್ಣಲು ಹೇಳಿದೆವು.

ಅತ್ತೆ ಕಾಲು ಮುದ್ದೆಯನ್ನು ತಟ್ಟೆಗಿಟ್ಟು ಸುತ್ತ ಸಾರು ಬಿಟ್ಟರು. ಟೀಚರ್ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಂದ ನೆಲ್ಲಿಕಾಯಿ ಗಾತ್ರದ ತುತ್ತನ್ನು ಮುರಿದು, ಅಂಗೈಗೆ ತಾಗದಂತೆ ಉರುಟಿ, ಹೆಬ್ಬೆರಳಿನಿಂದ ಅದರಲ್ಲೊಂದು ಸಣ್ಣ ಗುಳಿ ಮಾಡಿ, ಆ ಗುಳಿಯಲ್ಲಿ ಸಾರು ತುಂಬಿಸಿಕೊಂಡು ಬಾಯಿಗಿಟ್ಟರು. ಗದ್ದ ಒಂದಿಷ್ಟು ಮೇಲೆದ್ದಿತು; ತುತ್ತು ಒಳಗಿಳಿಯಿತು. ದವಡೆ ಅಲುಗಲೇ ಇಲ್ಲ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂಬುದನ್ನು ನಮ್ಮ ಸೀಮೆಯ ಮಕ್ಕಳು ಮಾತು ಕಲಿಯುವ ವಯಸ್ಸಿನಲ್ಲೇ ಕಲಿತಿರುತ್ತಾರೆ. ಅಗಿದರೆ ಹಲ್ಲಿಗೆ ಅಂಟುತ್ತದೆ, ನೋಡಿದವರು ನಗುತ್ತಾರೆ. ಮೂರನೆಯ ತುತ್ತಿಗೆ ಅವರ ಎಡಗೈ ತಾನಾಗಿಯೇ ಲೋಟವನ್ನು ಹುಡುಕಿತು. ನಾಲ್ಕನೆಯದಕ್ಕೆ ಎದೆಯ ಮೇಲೆ ಕೈ ಹೋಯಿತು. ಐದನೆಯ ತುತ್ತನ್ನು ಮುರಿದವರು ಬಾಯಿಗಿಡದೆ ಹಾಗೆಯೇ ಕುಳಿತರು, ಕಣ್ಣಲ್ಲಿ ನೀರು ತುಂಬಿತು, ಆಮೇಲೆ ಎದ್ದು ಬೇಸಿನ್ನಿನ ಕಡೆಗೆ ಹೋದರು.

‘ಚೆನ್ನಾಗಿ ಅಗಿಯಿರಿ’ ಎಂದು ಪಟ್ಟಿಯಲ್ಲಿ ಬರೆದದ್ದನ್ನು ಅವರು ಓದಿದ್ದರು, ಅನ್ನವನ್ನು ಅಗಿಯುತ್ತಲೂ ಇದ್ದರು. ಮುದ್ದೆ ಮೆತ್ತನೆಯ ಪದಾರ್ಥಗಳ ವಾರದ ಹೊತ್ತಿಗೆ ಸರಿಯಾಗಿಯೇ ಒದಗಿ ಬರುವ ಮೆತ್ತನೆಯ ಪದಾರ್ಥ. ಅಗಿಯುವ ನಿಯಮ ಅದಕ್ಕೂ ಅನ್ವಯಿಸುತ್ತದೆ ಎಂದು ಮುದ್ದೆ ಉಂಡು ಬೆಳೆದ ಯಾರಿಗೂ ಹೊಳೆಯುವಂಥದ್ದಲ್ಲ. ಅಗಿಯದೆ ಇಳಿದ ಅಂಟುಂಡೆಗಳು ಕಿರಿದಾದ ಕೊಳವೆಯಲ್ಲಿ ಒಂದರ ಮೇಲೊಂದು ಕೂತು, ಮೇಲಿಂದ ಬಿದ್ದ ಸಾರು ಮತ್ತು ನೀರಿಗೆ ಕೆಳಗಿಳಿಯಲು ದಾರಿ ಇಲ್ಲದಂತಾಗುತ್ತಿತ್ತು.

ಊಟವಾದ ಮೇಲೆ ನಡೆದ ಮಾತಿನಲ್ಲಿ ಎರಡನೆಯ ಕಾರಣ ಹೊರಬಂತು. ಮಧ್ಯೆ ಮಧ್ಯೆ ನೀರು ಕೊಡುತ್ತೀರಾ ಎಂದು ಕೇಳಿದ್ದಕ್ಕೆ ಅತ್ತೆ, “ಹಸಿ ಮೈ ಕಣವ್ವ ಇವ್ಳ್ದು. ಹೊಟ್ಟೆ ಕುಯ್ದವ್ರೆ. ಬಾಣಂತಿಗೆ ಯಾರಾದ್ರೂ ಚೊಂಬುಗಟ್ಲೆ ನೀರು ಕೊಟ್ಟಾರಾ?” ಎಂದರು. ಅವರು ಸೊಸೆಗೆ ಮಾಡುತ್ತಿದ್ದುದು ತಾವು ಬಲ್ಲ ಅತ್ಯುತ್ತಮ ಆರೈಕೆ: ಬಾಣಂತಿಯ ಪಥ್ಯ. ಬಿಸಿ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ. ನೀರು ಮಾತ್ರ ಅಳೆದು, ಅದೂ ಬಿಸಿಯಾಗಿ. ಇದರ ಜೊತೆಗೆ ಶಾಲೆಯ ಪರಿಸ್ಥಿತಿ ಸೇರಿಕೊಂಡಿತ್ತು. ಶಿಕ್ಷಕಿಯರಿಗೆ ಪ್ರತ್ಯೇಕ ಶೌಚಾಲಯ ಇತ್ತಾದರೂ ಅದರ ಬೀಗದ ಕೈ ಮುಖ್ಯ ಶಿಕ್ಷಕರ ಬೀರುವಿನಲ್ಲಿ ಇರುತ್ತಿತ್ತು. ಪ್ರತಿ ಸಲ ಕೇಳಲು ಸಂಕೋಚಪಟ್ಟು ಟೀಚರ್ ವರ್ಷಗಳಿಂದ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಮನೆ ಸೇರುವವರೆಗೆ ನೀರು ಕುಡಿಯದೆ ಇರುವುದನ್ನು ರೂಢಿಸಿಕೊಂಡಿದ್ದರು. ಮೊದಲೆಲ್ಲ ಮನೆಗೆ ಬಂದು ಒಂದು ಚೊಂಬು ನೀರನ್ನು ಗಟಗಟನೆ ಎತ್ತಿ ಕುಡಿದರೆ ಲೆಕ್ಕ ಸರಿಹೋಗುತ್ತಿತ್ತು. ಈಗ ಹಾಗೆ ಎತ್ತಿ ಕುಡಿಯುವ ಶಕ್ತಿ ಆ ಹೊಟ್ಟೆಗೆ ಇರಲಿಲ್ಲ. ಅವರ ಸುಸ್ತು, ತಲೆಸುತ್ತು, ಕಡು ಮೂತ್ರಗಳಲ್ಲಿ ವಾಂತಿಯ ಪಾಲಿಗಿಂತ ಕುಡಿಯದೆ ಇದ್ದುದರ ಪಾಲೇ ಹೆಚ್ಚೆಂದು ನಾನು ಈಗಲೂ ನಂಬುತ್ತೇನೆ.

ಮಾಡಿದ ಬದಲಾವಣೆಗಳು

ತಂಡದಲ್ಲಿ ಎರಡು ಅಭಿಪ್ರಾಯಗಳಿದ್ದವು. ಮತ್ತೆ ಎರಡು ವಾರ ದ್ರವಕ್ಕೆ ಹಿಂತಿರುಗಿಸಿ, ಮುದ್ದೆಯನ್ನು ಪೂರ್ತಿ ನಿಷೇಧಿಸುವುದು ಒಂದು. ಮನೆಯ ಅಡುಗೆಯಲ್ಲಿಯೇ ಸಲ್ಲುವುದನ್ನು ಆರಿಸಿ, ಬಡಿಸುವ ಕ್ರಮವನ್ನು ಬದಲಿಸುವುದು ಇನ್ನೊಂದು. ವಾಂತಿಯಿಂದ ಕೆರಳಿದ ಜಠರಕ್ಕೆ ಬಿಡುವು ಬೇಕಾದ್ದರಿಂದ ಮೂರು ದಿನ ದ್ರವಾಹಾರ ಕೊಟ್ಟು, ಆಮೇಲೆ ಎರಡನೆಯ ದಾರಿ ಹಿಡಿಯುವುದೆಂದು ಒಪ್ಪಿಗೆಯಾಯಿತು. ಮುದ್ದೆಯನ್ನು ಆರು ತಿಂಗಳವರೆಗೆ ಮುಂದಕ್ಕೆ ಹಾಕಲಾಯಿತು. ‘ಎಂದೆಂದಿಗೂ ಬೇಡ’ ಎಂದು ಹೇಳಿದ್ದರೆ ಆ ಮನೆಯಲ್ಲಿ ಅದನ್ನು ಯಾರೂ ನಂಬುತ್ತಿರಲಿಲ್ಲ.

ಮುದ್ದೆಯನ್ನು ಮುಂದೂಡಲು ಇನ್ನೊಂದು ಕಾರಣವೂ ಇತ್ತು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಇರುವ ಪ್ರೋಟೀನ್ ಸುಮಾರು 7 ಗ್ರಾಂ. 120 ಮಿ.ಲೀ. ಜಾಗವನ್ನು ಮುದ್ದೆ ಮೊದಲೇ ಹಿಡಿದುಕೊಂಡರೆ ಕಾಳು, ಮೊಟ್ಟೆ, ಮಾಂಸಕ್ಕೆ ಎಡೆಯೇ ಉಳಿಯದು. ಹಾಗೆಂದು ಅಂಬಲಿಗೆ ಇಳಿಸಿದರೆ ಅದು ಸಲೀಸಾಗಿ ಜಾರಿಹೋಗುತ್ತದೆ, ಹೊಟ್ಟೆ ತುಂಬಿದ ಭಾವ ಬರುವುದಿಲ್ಲ. ತೆಳ್ಳಗೆ ತಟ್ಟಿ, ಗರಿಯಾಗಿ ಬೇಯಿಸಿದ ರಾಗಿ ರೊಟ್ಟಿಯ ಅಂಗೈಯಗಲದ ಚೂರು ಮಾತ್ರ ಚೆನ್ನಾಗಿ ಹೊಂದಿಕೊಂಡಿತು. ಅದನ್ನು ಅಗಿಯದೆ ನುಂಗಲು ಸಾಧ್ಯವೇ ಇಲ್ಲ.

ಪ್ರೋಟೀನಿನ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಬಸ್ಸಾರು. ಹೆಸರುಕಾಳೋ ಅಲಸಂದೆಯೋ ಹುರುಳಿಯೋ ಸೊಪ್ಪಿನ ಜೊತೆ ಬೆಂದ ಮೇಲೆ ಕಟ್ಟನ್ನು ಬಸಿದು ಸಾರಿಗೆ, ಉಳಿದ ಕಾಳು ಸೊಪ್ಪನ್ನು ಒಗ್ಗರಣೆ ಹಾಕಿ ಪಲ್ಯಕ್ಕೆ ಬಳಸುವುದು ಆ ಸೀಮೆಯ ನಿತ್ಯದ ಅಡುಗೆ. ಗಟ್ಟಿಯನ್ನೂ ದ್ರವವನ್ನೂ ಬೇರೆ ಮಾಡಿ ಎಂದು ನಾವು ಕೇಳುತ್ತಿದ್ದೆವು. ಅತ್ತೆಯ ಒಲೆಯ ಮೇಲೆ ಅದು ದಿನವೂ ಬೇರೆಯಾಗುತ್ತಲೇ ಇತ್ತು. ಊಟದ ಹೊತ್ತಿಗೆ ಬರಿಯ ಪಲ್ಯ, ಕಾಳನ್ನು ಸೌಟಿನ ಬೆನ್ನಿನಿಂದ ಜಜ್ಜಿ, ಒಂದು ಸಣ್ಣ ಬಟ್ಟಲಿನಷ್ಟು. ಜೊತೆಗೆ ಒಂದು ಮೊಟ್ಟೆಯ ಬುರ್ಜಿ. ಬಸಿದ ಕಟ್ಟಿಗೆ ಚಿಟಿಕೆ ಉಪ್ಪು, ಮೆಣಸಿನಪುಡಿ ಹಾಕಿ ಬೆಳಿಗ್ಗೆ ಹನ್ನೊಂದಕ್ಕೂ ಸಂಜೆ ಐದಕ್ಕೂ ಗುಟುಕು ಗುಟುಕಾಗಿ ಕುಡಿಯುವುದು. ಅವರೆಕಾಯಿ ಕಾಲದಲ್ಲಿ ಹಿದುಕಿದ ಬೇಳೆ ಬಂತು. ಸಿಪ್ಪೆಯಿಲ್ಲದ ಆ ಬೇಳೆ ಅವರಿಗೆ ಎಲ್ಲಕ್ಕಿಂತ ಹಗುರವಾಗಿ ಕೂತಿತು. ಕೋಳಿಯನ್ನು ತುಂಡಿನ ಬದಲು ಕೈಮಾ ಮಾಡಿಸಿದರು. ಇಷ್ಟೆಲ್ಲ ಸೇರಿಸಿದರೂ ಮೊದಲ ತಿಂಗಳುಗಳಲ್ಲಿ 60 ಗ್ರಾಂ ತಲುಪುವುದು ಆಗದ ಮಾತು. ಬೆಂದ ಕಾಳಿನ ಒಂದು ಬಟ್ಟಲಿನಲ್ಲಿ 7-8 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಮಿ.ಲೀ. ಹಾಲಿನಲ್ಲಿ 3 ಗ್ರಾಂ ಚಿಲ್ಲರೆ. ಆದ್ದರಿಂದ ಒಂದು ಅಳತೆ ಪ್ರೋಟೀನ್ ಪುಡಿಯನ್ನು ಹಾಲಿಗೆ ಬೆರೆಸಿ ಎರಡು ಸಲವಾಗಿ ಕುಡಿಯುವುದನ್ನು ಆರು ತಿಂಗಳು ಮುಂದುವರಿಸಿದೆವು. ಪುಡಿಯಿಲ್ಲದೆ ಮನೆಯ ಊಟದಲ್ಲೇ ಎಲ್ಲ ಸಿಗುತ್ತದೆ ಎಂಬ ಮಾತು ಕೇಳಲು ಹಿತವಾಗಿದ್ದರೂ ಈ ಹಂತದ ಲೆಕ್ಕಕ್ಕೆ ಹೊಂದುವುದಿಲ್ಲ.

ನೀರಿನ ವಿಷಯಕ್ಕೆ ಗಡಿಯಾರಕ್ಕಿಂತ ಶಾಲೆಯ ಗಂಟೆ ಉಪಯೋಗಕ್ಕೆ ಬಂತು. ಪ್ರತಿ ಪೀರಿಯಡ್ ಮುಗಿದ ಗಂಟೆಗೆ ಎರಡು ಮೂರು ಗುಟುಕು. ಊಟದ ನಂತರದ ಅರ್ಧ ಗಂಟೆಯನ್ನು ಬಿಗಿಯಾಗಿ ಇಟ್ಟುಕೊಂಡು, ಮುಂಚಿನ ಅಂತರವನ್ನು ಕಾಲು ಗಂಟೆಗೆ ಸಡಿಲಿಸಿದೆವು. ಮುಂಚಿನ ಅಂತರದ ಬಗ್ಗೆ ಒಂದೊಂದು ಆಸ್ಪತ್ರೆಯ ಸಲಹೆ ಒಂದೊಂದು ಬಗೆ, ಈ ರೋಗಿಗೆ ನೀರೇ ಹೆಚ್ಚು ತುರ್ತಾಗಿತ್ತು. ಆದರೆ ಬೀಗದ ಕೈಯ ವಿಚಾರ ಬಗೆಹರಿಯದೆ ಇದೊಂದೂ ನಡೆಯುವಂತಿರಲಿಲ್ಲ. ಗಂಡ ತಾವು ಹೋಗಿ ಮಾತಾಡುವುದಾಗಿ ಹೇಳಿದರು; ಟೀಚರ್ ಒಪ್ಪಲಿಲ್ಲ. ನಮ್ಮಿಂದ ವೈದ್ಯಕೀಯ ಕಾರಣದ ಒಂದು ಪತ್ರ ಬರೆಸಿಕೊಂಡು ತಾವೇ ಹೋಗಿ ಕೊಟ್ಟರು. ಮುಖ್ಯ ಶಿಕ್ಷಕರು ಪತ್ರವನ್ನು ಪೂರ್ತಿ ಓದುವ ಮೊದಲೇ, “ಇಷ್ಟಕ್ಕೆ ಲೆಟರ್ ಯಾಕೆ ಮೇಡಂ?” ಎಂದು ಇನ್ನೊಂದು ಕೀ ಮಾಡಿಸಿಕೊಟ್ಟರಂತೆ. ಉಳಿದ ಶಿಕ್ಷಕಿಯರೂ ಅದನ್ನು ಬಳಸತೊಡಗಿದರು.

ಅತ್ತೆಯೊಂದಿಗೆ ಬೇರೆಯಾಗಿ ಮಾತನಾಡಿದ್ದು ಇಡೀ ಪ್ರಕರಣದಲ್ಲಿ ಹೆಚ್ಚು ಸಮಯ ಬೇಡಿದ ಕೆಲಸ. ಅವರ ದೃಷ್ಟಿಯಲ್ಲಿ ಬಟ್ಟಲು ಪಲ್ಯ ಊಟವೇ ಆಗಿರಲಿಲ್ಲ. ತಟ್ಟೆಯಲ್ಲಿ ಮುದ್ದೆ ಇಲ್ಲದಿದ್ದರೆ ಸೊಸೆಯನ್ನು ಹಸಿದು ಮಲಗಿಸಿದ ಹಾಗೆ. “ಇಷ್ಟ್ ಉಂಡ್ರೆ ಜೀವ ಹೆಂಗವ್ವ ನಿಂತ್ಕತದೆ?” ಎಂಬ ಅವರ ಪ್ರಶ್ನೆಗೆ ಕ್ಯಾಲೊರಿಯ ಲೆಕ್ಕದಿಂದ ಉತ್ತರ ಕೊಟ್ಟು ಪ್ರಯೋಜನವಿರಲಿಲ್ಲ. ಒಳಗೆ ಹೊಲಿದ ಜಾಗ ಎಷ್ಟು ಅಗಲ ಉಳಿದಿದೆ ಎಂಬುದನ್ನು ಶಸ್ತ್ರವೈದ್ಯರು ಬಿಳಿ ಹಾಳೆಯ ಮೇಲೆ ಅದರ ನಿಜವಾದ ಗಾತ್ರದಲ್ಲಿ ಬರೆದು ತೋರಿಸಿದರು. ಅತ್ತೆ ಆ ಗೆರೆಗಳ ನಡುವೆ ತಮ್ಮ ಬೆರಳಿಟ್ಟು ಅಳೆದು ನೋಡಿ, ಸ್ವಲ್ಪ ಹೊತ್ತಿನ ಮೇಲೆ, ಹಾಗಾದರೆ ಎಷ್ಟು ಹೊತ್ತಿಗೊಂದು ಸಲ ಕೊಡಲಿ ಎಂದು ಕೇಳಿದರು. ಅಲ್ಲಿಂದಾಚೆಗೆ ಬಟ್ಟಲು, ಹೊತ್ತು, ಕಟ್ಟು ಬಸಿದಿಡುವುದು ಎಲ್ಲವೂ ಅವರ ಉಸ್ತುವಾರಿಗೆ ಬಂತು. ನಿಯಮ ಪಾಲಿಸುವ ಹೊಣೆಯನ್ನು ರೋಗಿಯೊಬ್ಬರ ಮೇಲೆಯೇ ಹೊರಿಸಿದ್ದ ನಮ್ಮ ಪಟ್ಟಿಗಿಂತ ಈ ಏರ್ಪಾಡು ಚೆನ್ನಾಗಿ ನಡೆಯಿತು. ಎರಡು ವಾರದೊಳಗೆ ವಾಂತಿ ಅಪರೂಪವಾಯಿತು, ಜುಲೈ ಮುಗಿಯುವ ಹೊತ್ತಿಗೆ ನಿಂತಿತು.

ಸುಲಭವಾಗಿ ಇಳಿಯುವ ತಿಂಡಿಗಳು

ಮುಂದಿನ ತೊಡಕು ಹೊರಗೆ ಕಾಣುವಂತೆ ಬರಲಿಲ್ಲ. ಡಿಸೆಂಬರಿನಲ್ಲಿ ತೂಕ 84 ಕೆ.ಜಿ.ಗೆ ಬಂದು, ಮಾರ್ಚಿಯವರೆಗೆ ಅಲ್ಲಿಂದ ಕದಲಲಿಲ್ಲ. ಒಂಬತ್ತು ಹತ್ತು ತಿಂಗಳ ಮೇಲೆ ಇಳಿಕೆಯ ವೇಗ ತಗ್ಗುವುದು ಸಹಜವಾದರೂ, ಇಷ್ಟು ಬೇಗ ಪೂರ್ತಿ ನಿಲ್ಲಬೇಕಾಗಿರಲಿಲ್ಲ. ದಿನಚರಿಯಲ್ಲಿ ಮೂರು ಹೊತ್ತಿನ ಊಟ ನಿರ್ದುಷ್ಟವಾಗಿತ್ತು. ನಡುವಿನ ಸಾಲುಗಳಲ್ಲಿ ‘ಟೀ’ ಎಂದು ಮಾತ್ರ ಬರೆದಿತ್ತು, ದಿನಕ್ಕೆ ನಾಲ್ಕು ಕಡೆ.

ಆ ‘ಟೀ’ ಎಂದರೆ ಎರಡು ಚಮಚ ಸಕ್ಕರೆಯ ಗಟ್ಟಿ ಹಾಲಿನ ಚಹಾ, ಅದರಲ್ಲಿ ಅದ್ದಿದ ಎರಡು ಮೂರು ಬಿಸ್ಕತ್ತು. ಪ್ರಶ್ನೆಪತ್ರಿಕೆ, ಮೌಲ್ಯಮಾಪನದ ದಿನಗಳಲ್ಲಿ ಜೊತೆಗೆ ಒಂದಿಷ್ಟು ಖಾರ. ಅದ್ದಿದ ಬಿಸ್ಕತ್ತು ಬಾಯಲ್ಲೇ ಕರಗಿ, ಕೊಳವೆಯೊಳಗೆ ನಿಲ್ಲದೆ ಇಳಿಯುತ್ತದೆ. ಪಲ್ಯವಾದರೆ ಅಗಿಯಬೇಕು, ನಾಲ್ಕು ತುತ್ತಿಗೆ ಸಾಕೆನಿಸುತ್ತದೆ. ವಾಂತಿಯ ಭಯ ಉಂಡವರು ಇಂಥ ಸುಲಭದ ಪದಾರ್ಥಗಳ ಕಡೆಗೆ ವಾಲುವುದು ಸ್ವಾಭಾವಿಕ. ದೇಹವೇ ಅವರಿಗೆ ಅದನ್ನು ಕಲಿಸಿಕೊಡುತ್ತದೆ. ಸಂಕ್ರಾಂತಿಯ ವಾರ ಮನೆ ಮನೆಯಿಂದ ಬಂದ ಎಳ್ಳು-ಬೆಲ್ಲವೂ ಡಬ್ಬಿಯಲ್ಲಿತ್ತು. ಎಳ್ಳು, ಕೊಬ್ಬರಿ, ಕಡಲೆಬೀಜ, ಬೆಲ್ಲ ಕೂಡಿದ ಒಂದು ಹಿಡಿಯಲ್ಲಿ, ಅಂದಾಜು 30 ಗ್ರಾಂನಲ್ಲಿ, 150 ಕ್ಯಾಲೊರಿಯ ಆಸುಪಾಸು ಇರುತ್ತದೆ. ಪ್ರೋಟೀನ್ ಪುಡಿಯನ್ನು ನಿಲ್ಲಿಸಿದ್ದರಿಂದ ದಿನದ ಪ್ರೋಟೀನ್ 40 ಗ್ರಾಂ ಸುತ್ತಮುತ್ತ ಇಳಿದಿತ್ತು.

ಅದೇ ಚಹಾದಿಂದ ಇನ್ನೊಂದು ಹಾನಿಯೂ ಆಗುತ್ತಿತ್ತು. ನಾಲ್ಕನೆಯ ತಿಂಗಳಿನಿಂದ ತಲೆಗೂದಲು ಹಿಡಿ ಹಿಡಿಯಾಗಿ ಉದುರತೊಡಗಿದ್ದು, ಮೊದಲಿಗೆ ನಾವು ಅದನ್ನು ಬೇಗ ತೂಕ ಇಳಿದವರಲ್ಲಿ ಕಾಣುವ ತಾತ್ಕಾಲಿಕ ಉದುರುವಿಕೆ ಎಂದು ಪರಿಗಣಿಸಿದ್ದೆವು. ಬಹುಪಾಲು ಅದು ಹಾಗೆಯೇ ಇತ್ತು. ಆದರೆ ಹಿಮೋಗ್ಲೋಬಿನ್ 9.8ಕ್ಕೆ ಇಳಿದಿತ್ತು, ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್ ತೀರ ಕಡಿಮೆ. ಮಾತ್ರೆ ತಪ್ಪಿಸುತ್ತಿಲ್ಲ ಎಂದು ಟೀಚರ್ ಹೇಳಿದ್ದು ನಿಜ. ಮರೆಯಬಾರದೆಂದು ಮಾತ್ರೆ ಡಬ್ಬಿಯನ್ನು ಸ್ಟಾಫ್ ರೂಮಿನಲ್ಲಿ ಇಟ್ಟುಕೊಂಡಿದ್ದರು. ಕಬ್ಬಿಣ, ಕ್ಯಾಲ್ಸಿಯಂ ಎರಡನ್ನೂ ಮಧ್ಯಾಹ್ನದ ಚಹಾದ ಜೊತೆ ಒಂದೇ ಸಲ ನುಂಗುತ್ತಿದ್ದರು. ಕ್ಯಾಲ್ಸಿಯಂ ಕಬ್ಬಿಣದ ಹೀರುವಿಕೆಯನ್ನು ತಡೆಯುತ್ತದೆ, ಚಹಾದ ಟ್ಯಾನಿನ್ ಇನ್ನಷ್ಟು ತಡೆಯುತ್ತದೆ. ಮುಟ್ಟಾಗುವ ವಯಸ್ಸಿನ ಮಹಿಳೆಗೆ ಈ ಶಸ್ತ್ರಚಿಕಿತ್ಸೆಯ ನಂತರ ದಿನಕ್ಕೆ 45ರಿಂದ 60 ಮಿ.ಗ್ರಾಂ ಕಬ್ಬಿಣ ಬೇಕು. ಅವರು ನುಂಗುತ್ತಿದ್ದುದರಲ್ಲಿ ಒಳಗೆ ಸೇರಿದ್ದು ಎಷ್ಟೋ.

ಇಲ್ಲಿ ಚಹಾವನ್ನು ಬಿಡಿಸುವ ಗೋಜಿಗೆ ಹೋಗಲಿಲ್ಲ. ಸ್ಟಾಫ್ ರೂಮಿನ ಚಹಾ ಬರಿಯ ಪಾನೀಯವಲ್ಲ, ಅದನ್ನು ಕಿತ್ತುಕೊಂಡರೆ ಅವರು ಸಹೋದ್ಯೋಗಿಗಳ ನಡುವೆ ರೋಗಿಯಾಗಿ ಕೂರಬೇಕಾಗುತ್ತಿತ್ತು. ನಾಲ್ಕನ್ನು ಎರಡಕ್ಕೆ ಇಳಿಸಿ, ಸಕ್ಕರೆಯನ್ನು ಅರ್ಧ ಚಮಚಕ್ಕೆ ತಂದು, ಬಿಸ್ಕತ್ತಿನ ಜಾಗದಲ್ಲಿ ಹುರಿಗಡಲೆ ಇಡಲಾಯಿತು. ಒಂದು ಹಿಡಿ ಹುರಿಗಡಲೆಯಲ್ಲಿ 6 ಗ್ರಾಂ ಪ್ರೋಟೀನ್ ಇದೆ, ಅದನ್ನು ಅಗಿಯದೆ ತಿನ್ನಲಾಗದು. ಚಹಾ ಕುಡಿದ ಅರ್ಧ ಗಂಟೆಯ ಮೇಲೆ ತಿನ್ನಬೇಕು. ಕಬ್ಬಿಣದ ಮಾತ್ರೆ ರಾತ್ರಿ ಮಲಗುವ ಹೊತ್ತಿಗೆ ಹೋಯಿತು, ಕ್ಯಾಲ್ಸಿಯಂ ಸಿಟ್ರೇಟ್ 500 ಮಿ.ಗ್ರಾಂನಂತೆ ಬೆಳಗಿನ ಮತ್ತು ಮಧ್ಯಾಹ್ನದ ಊಟದ ನಂತರಕ್ಕೆ ಹಂಚಿಕೆಯಾಯಿತು. ಪ್ರೋಟೀನ್ ಪುಡಿ ಮರಳಿ ಬಂತು.

ಆ ಯುಗಾದಿಗೆ ಒಬ್ಬಟ್ಟಿನ ಪ್ರಸಂಗವೂ ನಡೆಯಿತು. ನೆಂಟರ ಮನೆಯಲ್ಲಿ ಒತ್ತಾಯಕ್ಕೆ ಕಟ್ಟುಬಿದ್ದು ಒಂದೂವರೆ ಒಬ್ಬಟ್ಟನ್ನು ತುಪ್ಪ ಹಾಲಿನ ಜೊತೆ ತಿಂದ ಇಪ್ಪತ್ತು ನಿಮಿಷದಲ್ಲಿ ಎದೆ ಡವಗುಟ್ಟಿ, ಬೆವರು ಕಿತ್ತು, ಹೊಟ್ಟೆ ನುಲಿದು ಮಲಗಿಬಿಟ್ಟರು. ಸಿಹಿ ತುಂಬಿದ ಆಹಾರ ಸಣ್ಣ ಕರುಳಿಗೆ ಒಮ್ಮೆಲೇ ಸುರಿದಾಗ ಆಗುವ ಇದನ್ನು ಡಂಪಿಂಗ್ ಎನ್ನುತ್ತಾರೆ. ಬೈಪಾಸ್ ಆದವರಲ್ಲಿ ಹೆಚ್ಚು, ಸ್ಲೀವ್ ಆದವರಲ್ಲಿಯೂ ಉಂಟು. ನೆಂಟರು ಹೃದಯಾಘಾತವೆಂದು ಗಾಬರಿಯಾದರೂ ಒಂದು ಗಂಟೆಯಲ್ಲಿ ಎಲ್ಲ ಸರಿಹೋಯಿತು. ಮರುದಿನದ ಹೊಸತೊಡಕಿಗೆ ಅತ್ತೆ ಮೊದಲೇ ಎಲ್ಲರಿಗೂ ಎಚ್ಚರಿಕೆ ಕೊಟ್ಟು, ಸೊಸೆಯ ಪಾಲಿಗೆ ಎರಡು ಚಮಚ ಕೈಮಾವನ್ನು ಬೇರೆ ಬಟ್ಟಲಿಗೆ ತೆಗೆದಿಟ್ಟರಂತೆ.

ಫಲಿತಾಂಶ, ಮತ್ತು ನಾವು ಬದಲಿಸಿದ್ದು

ಒಂದೂವರೆ ವರ್ಷದ ಭೇಟಿಯಲ್ಲಿ ತೂಕ 78 ಕೆ.ಜಿ. ಇತ್ತು, ಅಂದರೆ ಆರಂಭದ ತೂಕದ ಶೇ. 30ರಷ್ಟು ಇಳಿಕೆ. ಸಕ್ಕರೆಯ ಮಾತ್ರೆ ಪೂರ್ತಿ ನಿಂತಿದ್ದು, ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ 5.9 ಬಂದಿತ್ತು. ಮುದ್ದೆಯನ್ನು ಅವರು ಆರು ತಿಂಗಳಿಗೆ ಮತ್ತೆ ಪ್ರಯತ್ನಿಸಿದರು: ನಿಂಬೆಹಣ್ಣಿನ ಗಾತ್ರದ್ದನ್ನು ಪಲ್ಯ ಮುಗಿದ ಮೇಲೆ, ಕಡಲೆಕಾಳಿನಷ್ಟು ಚೂರು ಮಾಡಿ, ಅಗಿದು. ಇಳಿಯಿತು, ಆದರೆ ರುಚಿಸಲಿಲ್ಲ. ಅಗಿದ ಮುದ್ದೆ ಮುದ್ದೆಯೇ ಅಲ್ಲ ಎಂದು ಅವರೇ ಬಿಟ್ಟಿದ್ದಾರೆ. ಗಟಗಟನೆ ನೀರು ಕುಡಿಯುವ ಆಸೆ ಇನ್ನೂ ಹೋಗಿಲ್ಲವಂತೆ.

ಈ ಪ್ರಕರಣದ ನಂತರ ನಮ್ಮ ತಂಡದ ಕೆಲಸದಲ್ಲಿ ಕೆಲವು ಬದಲಾವಣೆಗಳಾದವು. ಶಸ್ತ್ರಚಿಕಿತ್ಸೆಗೆ ಮುಂಚಿನ ಸಂದರ್ಶನದಲ್ಲಿ ಏನು ತಿನ್ನುತ್ತೀರಿ ಎಂಬುದರ ಜೊತೆಗೆ ಯಾವುದನ್ನು ಅಗಿಯದೆ ನುಂಗುತ್ತೀರಿ, ಬಡಿಸುವವರು ಯಾರು, ಕೆಲಸದ ಜಾಗದಲ್ಲಿ ನೀರು ಕುಡಿದು ಶೌಚಾಲಯಕ್ಕೆ ಹೋಗಲು ಅನುಕೂಲವಿದೆಯೇ ಎಂದು ಕೇಳುತ್ತೇವೆ. ಕೊನೆಯ ಪ್ರಶ್ನೆಗೆ ಶಿಕ್ಷಕಿಯರು, ಗಾರ್ಮೆಂಟ್ ಕಾರ್ಮಿಕರು, ಬಸ್ ಕಂಡಕ್ಟರುಗಳು ಕೊಡುವ ಉತ್ತರ ಬಹುತೇಕ ಒಂದೇ. ಅಡುಗೆ ಮಾಡುವವರನ್ನು ಒಮ್ಮೆಯಾದರೂ ಜೊತೆಗೆ ಕರೆಸಿಕೊಳ್ಳುತ್ತೇವೆ, ಹೊಟ್ಟೆ ಕುಯ್ದವರಿಗೆ ನೀರು ಕಡಿಮೆ ಮಾಡಬಾರದು ಎಂಬುದನ್ನು ಅವರಿಗೇ ನೇರವಾಗಿ ಹೇಳುತ್ತೇವೆ. ವಾಂತಿಯ ದೂರು ಬಂದಾಗ ಪರೀಕ್ಷೆಗಳ ಜೊತೆಗೆ ಒಂದು ಊಟವನ್ನು ಎದುರಿಗೆ ಕೂತು ನೋಡುವುದು ಕಡ್ಡಾಯವಾಗಿದೆ. ದೂರದಲ್ಲಿ ಇರುವವರಿಂದ ಮೊಬೈಲಿನಲ್ಲಿ ತೆಗೆದ ವಿಡಿಯೊ ಕೇಳುತ್ತೇವೆ. ಮೊದಲ ಐದು ತುತ್ತು ಕಂಡರೆ ಸಾಕಾಗುತ್ತದೆ.

ಟೀಚರ್ ಅವರ ಹಿಮೋಗ್ಲೋಬಿನ್ 11.4ಕ್ಕೆ ಏರಿದ್ದರೂ ಫೆರಿಟಿನ್ ಇನ್ನೂ ಕೆಳಗೇ ಇದೆ. ಮಾತ್ರೆಯನ್ನು ಸರಿಯಾದ ಹೊತ್ತಿಗೆ ಬದಲಿಸಿದ್ದು ಮಾತ್ರವೇ ಸಾಲದಿರಬಹುದು, ಮುಟ್ಟಿನ ಸ್ರಾವ ಹೆಚ್ಚಿರುವುದನ್ನೂ ನೋಡಬೇಕಾಗಿದೆ. ಸ್ತ್ರೀರೋಗ ತಜ್ಞರ ಬಳಿಗೆ ಪತ್ರ ಕೊಟ್ಟಿದ್ದೇವೆ. ಮುಂದಿನ ರಕ್ತಪರೀಕ್ಷೆಯಲ್ಲಿಯೂ ಏರದಿದ್ದರೆ ರಕ್ತನಾಳದ ಮೂಲಕ ಕಬ್ಬಿಣ ಕೊಡುವುದೆಂದು ನಿರ್ಧಾರವಾಗಿದೆ.